ಮುಂದಿನ ಸಲದ ಸಿಗಾರ್

ನನ್ನ ಮೊಮ್ಮಗಳು ಹುಟ್ಟಿದ ಬೆಳಿಗ್ಗೆ, ಮುಳಬಾಗಿಲಿನ ನರ್ಸಿಂಗ್ ಹೋಮ್ ಒಂದರ ವರಾಂಡದಲ್ಲಿ, ಜೇಬಿನಿಂದ ಅರ್ಧ ಹೊರಗೆ ಬಂದಿದ್ದ ಒಂದು ಸಿಗಾರ್ ಹಾಗೇ ವಾಪಸ್ ಒಳಗೆ ಹೋಯಿತು.

ಜೇಬು ನಮ್ಮ ಬೀಗರದು. ಅಂದರೆ ನನ್ನ ಮಗಳು ಗಿರಿಜಳ ಮಾವನವರದು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿರುವವರು. (ಈ ಪತ್ರಿಕೆ ತರಿಸುತ್ತಾರೆ. ಓದಲಿ.) ಸಿಗಾರ್ ಕ್ಯೂಬಾದ್ದು. ಹಡಗಿನಲ್ಲಿ ಕೆಲಸ ಮಾಡುವ ಅವರ ತಮ್ಮ ತಂದುಕೊಟ್ಟದ್ದು. ಮೊಮ್ಮಗ ಹುಟ್ಟಿದ ದಿನ ಹಚ್ಚಬೇಕೆಂದು ಬೀರುವಿನಲ್ಲಿ ಎತ್ತಿಟ್ಟಿದ್ದರು.

ನರ್ಸ್ ಬಂದು, "ಹೆಣ್ಣು ಮಗು. ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ" ಎಂದಳು. ಬೀಗರು ಸಿಗಾರನ್ನು ಒಳಗೆ ತಳ್ಳಿ, ಜೇಬನ್ನೊಮ್ಮೆ ತಟ್ಟಿಕೊಂಡು, ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ಪರ್ವಾಲೇದಮ್ಮಾ. ಮುಂದಿನ ಸಲಕ್ಕೆ ಇರ್ಲಿ ಬಿಡಿ."

(ಪರವಾಗಿಲ್ಲ ಅನ್ನುವುದನ್ನು ನಮ್ಮ ಕಡೆ ತೆಲುಗಿನಲ್ಲಿ ಹೇಳಿದರೆ ಇನ್ನೂ ನಯವಾಗಿ ಕೇಳಿಸುತ್ತದೆ.)

ಪರವಾಗಿಲ್ಲವಂತೆ. ಕಾಲು ತುಳಿದವರಿಗೆ ಪರವಾಗಿಲ್ಲ ಅನ್ನುತ್ತೇವೆ. ಲೋಟ ಒಡೆದವರಿಗೆ ಅನ್ನುತ್ತೇವೆ. ರಾತ್ರಿಯಿಡೀ ನೋವು ತಿಂದ ನನ್ನ ಮಗಳು ಯಾರ ಮನೆಯ ಲೋಟ ಒಡೆದಿದ್ದಳು?

ಬಾಗಿಲು ತೆರೆದೇ ಇತ್ತು. ಗಿರಿಜ ಕೇಳಿಸಿಕೊಂಡಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನೇನು ಮಾಡಿದೆ? ಈ ಅಂಕಣದಲ್ಲಿ ಸೀಮೆಎಣ್ಣೆ ಕ್ಯೂ ಬಗ್ಗೆ, ಕೋಲಾರದ ಬಸ್ಸುಗಳ ಬಗ್ಗೆ ಕೂಗಾಡುವ ನಾನು, ಫ್ಲಾಸ್ಕಿನಿಂದ ಬೀಗರಿಗೆ ಕಾಫಿ ಬಗ್ಗಿಸಿಕೊಟ್ಟೆ. ಹೆಣ್ಣು ಕೊಟ್ಟವರು ಬೀಗರ ಎದುರು ಹಲ್ಲು ಕಚ್ಚಿಕೊಂಡಿರಬೇಕಲ್ಲ. ನಿಮಗೂ ಗೊತ್ತಿರುವುದೇ.

ಆ ಸಿಗಾರ್ ನನಗೆ ಹೊಸದಲ್ಲ. ಮದುವೆ ಮಾತುಕತೆಗೆ ಬಂದಾಗಲೇ ಅದರ ದರ್ಶನವಾಗಿತ್ತು. ಟೇಸ್ಟ್ ನೋಡುವ ಕ್ರಮವನ್ನು ಬೀಗರು ನಮ್ಮ ಯಜಮಾನರಿಗೆ ಕೂರಿಸಿಕೊಂಡು ಪಾಠ ಮಾಡಿದ್ದರು. "ಮೊದ್ಲು ಮೂಸ್ಬೇಕು ಸಾರ್. ಆಮೇಲೆ ಕಿವಿ ಹತ್ರ ಹಿಡ್ದು ಮೆತ್ತಗೆ ಒತ್ತಿದ್ರೆ ಸದ್ದು ಬರ್ಬಾರ್ದು. ಹೊಗೆ ನುಂಗ್ಬಾರ್ದು, ಬಾಯಲ್ಲಿ ಆಡಿಸ್ಬೇಕು." ಆಮೇಲೆ ದನಿ ತಗ್ಗಿಸಿ, "ಅಲ್ಲಿ ಹೆಣ್ಮಕ್ಳು ತೊಡೆ ಮೇಲೆ ಉರುಳಿಸಿ ಸುತ್ತೋದಂತೆ ಸಾರ್" ಎಂದು ನಕ್ಕರು.

(ಅಡುಗೆಮನೆಗೆ ಎಲ್ಲ ಕೇಳಿಸುತ್ತದೆ. ಗಂಡಸರಿಗೆ ಇದು ಯಾವಾಗ ತಿಳಿಯುತ್ತದೋ.)

ತೊಡೆಯ ವಿಷಯ ನಿಜವೋ ಸುಳ್ಳೋ ಕಾಣೆ. ಆದರೆ ನ್ಯಾಯ ನೋಡಿ. ಹೆಣ್ಣು ಸುತ್ತಬಹುದು. ಹೆಣ್ಣು ಹುಟ್ಟಿದರೆ ಹಚ್ಚಬಾರದು. ನಮ್ಮಲ್ಲಿ ಗಂಡಾದರೆ ಪೇಡ, ಹೆಣ್ಣಾದರೆ ಜಿಲೇಬಿ ಹಂಚುತ್ತಾರೆ. ಅದೂ ಭೇದವೇ, ಆದರೆ ಜಿಲೇಬಿಯಾದರೂ ಬಾಯಿಗೆ ಬೀಳುತ್ತದೆ. ಈ ಸಿಗಾರಿಗೆ ಅಷ್ಟೂ ಮರ್ಯಾದೆ ಇಲ್ಲ.

ಕಳೆದ ವಾರ ನಮ್ಮ ಮನೆಯಲ್ಲಿ ಮಗುವಿಗೆ ಹೆಸರಿಟ್ಟೆವು. ಊಟವಾದ ಮೇಲೆ ಗಂಡಸರೆಲ್ಲ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕುಳಿತರು. ಎಲೆ ತಟ್ಟೆ ತಂದಿಟ್ಟ ನಾನು ನೋಡಿದರೆ ಬೀಗರ ಜೇಬಿನಲ್ಲಿ ಅದೇ ಸಿಗಾರ್. ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಮೂಸಿ ತಲೆದೂಗಿದರು. ಬೈರಕೂರಿನಿಂದ ಬಂದಿದ್ದ ನಮ್ಮ ಭಾವನವರು, "ಇದನ್ನ ಯಾವಾಗ ಹಚ್ಚೋದು?" ಎಂದು ಕೇಳಿದರು.

"ಗಿರಿಜಮ್ಮ ಒಂದು ಗಂಡು ಕೊಡ್ಲಿ, ಅವತ್ತೇ. ದೊಡ್ಡ ಮಗನ ಮನೇಲೂ ಹೆಣ್ಣೇ ಆಯ್ತು. ಅವಾಗ್ಲೂ ತೆಗ್ದು ವಾಪಸ್ ಇಟ್ಟಿದ್ದೀನಿ" ಎಂದರು ಬೀಗರು.

ಕಿಟಕಿಯ ಆಚೆ ಗಿರಿಜ ಮಗುವಿಗೆ ಹಾಲು ಕೊಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಕೊಡಿ ಇಲ್ಲಿ ಬೀಗರೇ, ನಾನೂ ನೋಡ್ತೀನಿ" ಎಂದು ಕೈಚಾಚಿದೆ. ಮೂಸಿ ವಾಪಸ್ ಕೊಡುತ್ತೇನೆ ಎಂದುಕೊಂಡು ಕೊಟ್ಟರು. ಮೂಸಿದೆ ಕೂಡ. ನುಸಿಗುಳಿಗೆ ವಾಸನೆ. ಕಿವಿಯ ಹತ್ತಿರ ಒತ್ತಿದೆ. ತರಗೆಲೆಯ ಹಾಗೆ ಚರಚರ ಅಂದಿತು. ಎಲೆ ತಟ್ಟೆಯಲ್ಲಿದ್ದ ಅಡಕತ್ತರಿ ತೆಗೆದುಕೊಂಡು ತುದಿ ಕತ್ತರಿಸಿದೆ. ಅಂಗಳಕ್ಕಿಳಿದು ಬೆಂಕಿಕಡ್ಡಿ ಗೀರಿದೆ. (ನಂಗಲಿಯ ನಮ್ಮಜ್ಜಿ ಸಂಜೆಯಾದರೆ ಚುಟ್ಟ ಸೇದುತ್ತಿದ್ದವಳು. ಹಚ್ಚಿಕೊಡುತ್ತಿದ್ದವಳು ನಾನೇ.) ಹೊಗೆ ನುಂಗಲಿಲ್ಲ. ಬೀಗರು ಹೇಳಿಕೊಟ್ಟಂತೆ ಬಾಯಲ್ಲಿ ಆಡಿಸಿದೆ.

ಜಗಲಿಯಲ್ಲಿ ನಮ್ಮ ಯಜಮಾನರು ಅಡಿಕೆ ಅಗಿಯುವುದನ್ನೇ ನಿಲ್ಲಿಸಿದ್ದರು.

"ಏನಮ್ಮಾ ಇದು" ಎಂದರು ಬೀಗರು.

"ಟೇಸ್ಟ್ ನೋಡ್ತಿದ್ದೀನಿ. ಮೊದ್ಲು ನುಸಿಗುಳಿಗೆ. ಆಮೇಲೆ ಸುಟ್ಟ ಕಾಗದ. ಕೊನೇಲಿ ಒಂಚೂರು ಬೆಲ್ಲದ ಪಾಕದ ಥರ ಬರುತ್ತೆ. ಒಂದು ಕಾಲದಲ್ಲಿ ಒಳ್ಳೆ ಮಾಲೇ ಇದು. ಇಟ್ಟು ಇಟ್ಟು ಒಣಗಿಸಿಬಿಟ್ಟಿದ್ದೀರಿ. ನೀವು ಮಾವಿನ ಮಂಡಿಯವರು ಬೀಗರೇ. ಹಣ್ಣಾದ ಬಾದಾಮಿನ ಮುಂದಿನ ವರ್ಷಕ್ಕೆ ಇರ್ಲಿ ಅಂತ ಎತ್ತಿಡ್ತೀರಾ?"

ಬೀಗರು ಕಷ್ಟಪಟ್ಟು ನಕ್ಕು, "ಹೋಗ್ಲಿ ಬಿಡಿ. ಮುಂದಿನ ಸಲಕ್ಕೆ ಬೇರೆ ತರಿಸಿದ್ರಾಯ್ತು" ಎಂದರು.

ಆಗ ಕಿಟಕಿಯಿಂದ ಗಿರಿಜಳ ದನಿ ಬಂತು. ಗಟ್ಟಿಯಾಗಿಯೇ ಬಂತು. "ಮುಂದಿನ ಸಲ ಇದೆ ಅಂತ ನಿಮಗ್ಯಾರು ಹೇಳಿದ್ದು ಮಾವ? ಬೆಳಿಗ್ಗೆ ಇವಳಿಗೆ ಹೆಸರಿಟ್ಟಿದ್ದೀವಿ. ಆ ಹೆಸರು ಹಿಡಿದು ಒಂದ್ಸಲ ಕರೀರಿ ನೋಡೋಣ."

ಬೀಗರು ಬಾಯಿ ತೆರೆದರು. ಹೆಸರು ನೆನಪಿಗೆ ಬರಲಿಲ್ಲ. ತೊಟ್ಟಿನ ಹತ್ತಿರ ಮೂಸಿ ಮಾವು ಯಾರ ತೋಟದ್ದೆಂದು ಹೇಳುವ ಮನುಷ್ಯನಿಗೆ, ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳ ಹೆಸರು ಮರೆತುಹೋಗಿತ್ತು.

ವೀಣಾ. ಓದುವ ನಿಮಗಾದರೂ ನೆನಪಿರಲಿ.

ಇನ್ನೊಂದು ಸಿಗಾರ್ ಕಳಿಸೆಂದು ಬೀಗರು ತಮ್ಮನಿಗೆ ಹೇಳಿಕಳಿಸಿದ್ದಾರಂತೆ. ಬರಲಿ, ಅಡಕತ್ತರಿ ಇಲ್ಲೇ ಇದೆ.