ಹುರುಳಿ ಹೊಲದ ವಿಮಾನಕ್ಕೆ ಇಬ್ಬರು ಸಾಕ್ಷಿಗಳು

ಎಂಬತ್ತರ ದಶಕದ ಆರಂಭದಲ್ಲಿ, ವಯಸ್ಕರ ಶಿಕ್ಷಣದ ಸಭೆಯೊಂದಕ್ಕೆಂದು ಸೇಲಂಗೆ ಹೊರಟಿದ್ದ ನನಗೆ, ಅಲ್ಲಿನ ಕಾರ್ಖಾನೆಯೊಂದರವರು ಬಾಡಿಗೆಗೆ ಪಡೆದ ಪುಟ್ಟ ವಿಮಾನದಲ್ಲಿ ಪೈಲಟ್‌ನ ಪಕ್ಕದ ಆಸನ ದೊರೆಯಿತು. ಬೆಂಗಳೂರು ಬಿಟ್ಟ ಸ್ವಲ್ಪ ಹೊತ್ತಿಗೇ ಎಂಜಿನ್ ನಿಂತು, ರಾಜ್ಯದ ಗಡಿಯಾಚೆ, ಕನ್ನಡ ಮಾತಾಡುವ ಉದ್ದನಪಲ್ಲಿಯ ಹತ್ತಿರ ಒಂದು ಹುರುಳಿ ಹೊಲಕ್ಕೆ ಬಿದ್ದೆವು. ರೆಕ್ಕೆ ಮುರಿಯಿತು, ಯಾರ ಪ್ರಾಣವೂ ಹೋಗಲಿಲ್ಲ.

ಹೊಲದ ಒಡತಿ, ವಯಸ್ಸಾದ ಹೆಂಗಸು, ಬಿಂದಿಗೆಯಲ್ಲಿ ನೀರು ತಂದು ನಮ್ಮೆಲ್ಲರ ಮುಖವನ್ನೂ ನೋಡಿದರು.

“ಎಲ್ರೂ ಬದುಕಿದೀರಾ? ಅಷ್ಟು ಸದ್ದು ಮಾಡಿ ಒಬ್ರೂ ಸತ್ತಿಲ್ವಾ?”

ಬೀಳುವುದನ್ನು ಕಂಡಿರಾ ಎಂದು ಕೇಳಿದೆ.

“ಎಲ್ಲಿ ನೋಡ್ಲಿ ಕಣಪ್ಪ, ಸೆರಗು ಮುಖಕ್ಕೆ ಹಾಕ್ಕೊಂಡು ಬದುವಿನ ಕೆಳಗೆ ಬಿದ್ಕೊಂಡಿದ್ದೆ.”

ಕೆಲವು ವಾರಗಳ ಬಳಿಕ ಕೃಷ್ಣಗಿರಿಯ ಸರ್ಕಾರಿ ಬಂಗಲೆಯಲ್ಲಿ ವಿಚಾರಣೆ ನಡೆಯಿತು. ಪೈಲಟ್ ಆ ಹೆಂಗಸಿನ ಹೆಂಚಿನ ಮನೆಯನ್ನು ತಪ್ಪಿಸಿ ಬೇಕೆಂದೇ ಹೊಲಕ್ಕೆ ಇಳಿಸಿದನೋ, ಅಥವಾ ಗಾಬರಿಯಲ್ಲಿ ಹಿಡಿತ ಕಳೆದುಕೊಂಡನೋ ಎಂಬುದೇ ಪ್ರಶ್ನೆ. ಎರಡನೆಯದಾದರೆ ಅವನ ಲೈಸೆನ್ಸ್ ಹೋಗುತ್ತಿತ್ತು. ಅವನ ಕೈ ಅಲುಗಿದ್ದು ನನಗೆ ನೆನಪಿತ್ತು. ತಿರುಗಿಸಿದ್ದೋ, ನಡುಗಿದ್ದೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತನಾಡಿ ಬಹುಮಾನ ಗೆದ್ದವನು ನಾನು. ಈಗ ಎರಡೂ ಪಕ್ಷಗಳು ನನ್ನೊಳಗೆ ಸಮಬಲದಿಂದ ವಾದಿಸುತ್ತಿದ್ದವು, ತೀರ್ಪು ಕೊಡುವವರು ಮಾತ್ರ ಇರಲಿಲ್ಲ.

ಅಧಿಕಾರಿಗೆ ಕನ್ನಡ ಬಾರದು. ಹೆಂಗಸಿನ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು.

“ನಮ್ಮನೆ ಮ್ಯಾಕೇ ಬತ್ತಿತ್ತು ಸ್ವಾಮಿ. ಈ ಮಗ ನೋಡ್ದ, ಹಿಂಗೆ ತಿರುಗಿಸ್ಬುಟ್ಟ,” ಎಂದು ಅವರು ಪೈಲಟ್‌ನತ್ತ ನೋಡಿ, ಕೈ ಬೀಸಿ ತೋರಿಸಿದರು.

ಒಂದಕ್ಷರವೂ ಬಿಡದೆ ಅನುವಾದಿಸಿದೆ. ಕಾಫಿಗೆಂದು ಎಲ್ಲರೂ ಎದ್ದಾಗ ಜಗಲಿಯಲ್ಲಿ ಅವರನ್ನು ಮೆಲ್ಲಗೆ ಕೇಳಿದೆ:

“ಅವತ್ತು ಮುಖ ಮುಚ್ಕೊಂಡಿದ್ದೆ ಅಂದ್ರಲ್ಲಮ್ಮ?”

“ಮುಚ್ಕೊಂಡಿದ್ದೆ. ಈಗ ನೆನೆಸ್ಕೊಂಡ್ರೆ ಎಲ್ಲಾ ಕಾಣ್ತದೆ. ನಿಮ್ಗೆ ಕಾಣಾಕಿಲ್ವಾ ಮೇಷ್ಟ್ರೆ? ಪಕ್ಕದಾಗೇ ಕುಂತಿದ್ರಿ.”

ಊರೂರು ತಿರುಗಿ ಪ್ರಮಾಣವಿಲ್ಲದೆ ಏನನ್ನೂ ನಂಬಬೇಡಿರೆಂದು ಉಪದೇಶಿಸುತ್ತಿದ್ದ ನಾನು ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಒಳಗೆ ಅಧಿಕಾರಿ ನನ್ನನ್ನು ಕೇಳಿದರು, ಪೈಲಟ್ ವಿಮಾನವನ್ನು ತಿರುಗಿಸಿದನೇ? ಆ ಕ್ಷಣ ಕೆಂಪು ಹೆಂಚು, ಅದರಿಂದ ದೂರ ಸರಿಯುತ್ತಿದ್ದ ರೆಕ್ಕೆ, ಎರಡೂ ನನ್ನ ಕಣ್ಣೆದುರು ಸ್ಪಷ್ಟವಾಗಿ ನಿಂತವು. ಅವನ್ನು ಕಂಡದ್ದು ವಿಮಾನದಲ್ಲೋ, ಆ ಹೆಂಗಸು ಬೀಸಿದ ಕೈಯಲ್ಲೋ, ಬೇರ್ಪಡಿಸಲು ಎಷ್ಟು ಯತ್ನಿಸಿದರೂ ಆಗಲಿಲ್ಲ. ಹೌದು ಎಂದೆ.

“ಯಾವ ಕಡೆಗೆ?”

ಪೈಲಟ್ ನೆಲ ನೋಡುತ್ತಿದ್ದ. ಎಡಕ್ಕೆ ಎಂದೆ. ಅಧಿಕಾರಿ ಹೆಂಗಸಿನತ್ತ ತಿರುಗಿದರು. ಆ ಪ್ರಶ್ನೆಯನ್ನು ನಾನೇ ಕನ್ನಡದಲ್ಲಿ ಕೇಳಬೇಕಾಯಿತು.

“ಮೇಷ್ಟ್ರು ಯಾವ ಕಡೆ ಅಂದ್ರೋ ಆ ಕಡೆಗೇ ಸ್ವಾಮಿ.”

ಅಧಿಕಾರಿ ನನ್ನ ಮುಖ ನೋಡುತ್ತ ಕಾದರು.

“ಎಡಕ್ಕೆ ಅನ್ನುತ್ತಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿದೆ.