ಅಬ್ಬಲಿಗೆ ಬೀಜದ ಗಂಟು

ಲಕ್ಷ್ಮೇಶ್ವರದಿಂದ ಮುಂಡರಗಿಗೆ ಹೊರಟ ಬಸ್ಸು ಶಿರಹಟ್ಟಿ ದಾಟಿತ್ತು. ನನ್ನ ತೊಡೆಯ ಮೇಲಿನ ಗಂಟಿನಲ್ಲಿ ಅಬ್ಬಲಿಗೆಯ ಒಣ ತೆನೆಗಳಿದ್ದವು. ಗೋಡೆ ಕಟ್ಟಲೆಂದು ನಮ್ಮ ಹಿತ್ತಲಿನ ಗಿಡಗಳನ್ನೆಲ್ಲ ಕಿತ್ತಾಗಿದೆ. ಮುಂಡರಗಿಯ ತಂಗಿ ಆಸೆಯಿಂದ ಕೇಳಿದ ತವರಿನ ಬೀಜ ಇನ್ನು ಇಷ್ಟೇ. ಹೂ ಮಾರುವವರು ಹೂವಿಗೆ ನೀರು ಚಿಮುಕಿಸುವುದನ್ನು ನೋಡಿದ್ದೆ. ಬಿಸಿಲಿಗೆ ಬೀಜ ಕೆಡಬಾರದೆಂದು ನಾನೂ ಗಂಟಿಗೆ ನೀರು ಚಿಮುಕಿಸಿದೆ.

ಗಂಟು ಚಟ್ ಎಂದಿತು. ಮತ್ತೆ ಚಟ್, ಚಟ್. ಮುಂದಿನ ಸೀಟಿನವರು ಟ್ರಾನ್ಸಿಸ್ಟರ್ ಬಂದ್ ಮಾಡಿ ತಿರುಗಿದರು. ಪಕ್ಕದ ರುಮಾಲಿನ ಯಜಮಾನರು ಎದ್ದೇ ನಿಂತರು. ಬಿಚ್ಚಿ ನೋಡಿದರೆ ತೆನೆಯ ಕಾಯಿಗಳೆಲ್ಲ ಬಿರಿಯುತ್ತಿವೆ. ತಂಗಿಗೆ ಏನು ಹೇಳಲಿ?

ಹಿಂದೆ ಹೂಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಬೀಬಿ ಬಗ್ಗಿ ನೋಡಿ ನಕ್ಕರು.

"ಅಂಜಬ್ಯಾಡ್ರಿ ಅಣ್ಣಾರ. ನೀರು ತಾಕಿದ್ರ ಹಂಗ ಸಿಡೀತಾವ, ಬೀಜ ಕೆಡಂಗಿಲ್ಲ. ನಾವೂ ನೀರು ಹೊಡದ ಬೀಜ ತಗೀತೀವಿ. ಜಲ್ದಿ ಗಂಟು ಕಟ್ರಿ, ಹಾರಿ ಹೋದಾವು!"

ಕಟ್ಟಿದೆ. ಜೀವ ಬಂದಂತಾಯಿತು. ಯಜಮಾನರು ರುಮಾಲಿಗೆ ಸಿಕ್ಕಿದ್ದ ಒಂದು ಬೀಜವನ್ನು ನನ್ನ ಅಂಗೈಗೆ ಹಾಕಿ ಕುಳಿತರು. ಆಮೇಲೆ ಗಂಟು ಚಟ್ ಎಂದಾಗಲೆಲ್ಲ ಕಂಡಕ್ಟರ್ ಬಾಗಿಲಿನಿಂದಲೇ ಕೂಗುತ್ತಿದ್ದ:

"ಇನ್ನೊಂದು ಗಿಡ ಆತ್ರಿ!"