ಬಿಸಿಲಿಗೆ ಹಾಕಿದ ಲಕ್ಕಿ ಎಲೆ

ಮಂಡ್ಯದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೊತ್ತತ್ತಿಯ ವನಜಾ ಹತ್ತೊಂಬತ್ತು ವರ್ಷದಿಂದ ಸಹಾಯಕಿ. ಗಾಜಿನ ಸಾಮಾನು ತೊಳೆಯುವುದು, ಸಂಶೋಧನೆಗೆ ಬರುವ ಹುಡುಗಿಯರು ತಂದ ಸೊಪ್ಪನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿಕೊಡುವುದು ಅವಳ ಕೆಲಸ. ನೆಲನೆಲ್ಲಿ, ತುಂಬೆ, ಒಂದೆಲಗ, ಎಷ್ಟು ಗಿಡದ ಎಲೆ ಅವಳ ಕೈ ಹಾದುಹೋಗಿವೆಯೋ. ಆ ಹುಡುಗಿಯರ ಹೆಸರಿನ ಹಿಂದೆ ಡಾಕ್ಟರ್ ಅಂತ ಸೇರಿತು. ವನಜಾಳಿಗೆ ಸೇರಿದ್ದು ಮಂಡಿನೋವು.

ಈ ವರ್ಷ ಮಳವಳ್ಳಿಯ ಶೋಭಿತಾ ಸಂಶೋಧನೆಗೆ ಲಕ್ಕಿ ಗಿಡದ ಎಲೆ ಹಿಡಿದಿದ್ದಳು. ಎಲೆಯ ಸಾರವನ್ನು ನೇರಳೆ ದ್ರಾವಣಕ್ಕೆ ಬಿಟ್ಟು ಅರ್ಧ ಗಂಟೆ ಕತ್ತಲಲ್ಲಿಟ್ಟರೆ, ಸಾರದಲ್ಲಿ ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್ ಗುಣ ಇದ್ದಷ್ಟೂ ನೇರಳೆ ಮಾಸಿ ಹಳದಿಗೆ ತಿರುಗುತ್ತದೆ. ಮೊದಲೆರಡು ಸಲ ಚೆನ್ನಾಗಿ ತಿರುಗಿತ್ತು. ಮೂರನೆಯ ಸಲದ ಎಲೆಗೆ ಮಾತ್ರ ಬಣ್ಣ ಜಗ್ಗಲೇ ಇಲ್ಲ. ನಾಲ್ಕು ದಿನ ಊಟದ ಹೊತ್ತು ಮರೆತು ಶೋಭಿತಾ ದ್ರಾವಣ ಬದಲಿಸಿದಳು, ಬಣ್ಣ ಅಳೆಯುವ ಯಂತ್ರ ಒರೆಸಿದಳು, ಮತ್ತೆ ಅಳೆದಳು. ಕೊನೆಗೆ ಕುಸಿದು ಕೂತು, "ನನ್ ಕೈಯೇ ಸರಿಯಿಲ್ಲ ಕಣಕ್ಕ. ಬುಟ್ಬುಡ್ತೀನಿ ಇದ್ನ" ಎಂದಳು.

ಬೀಕರು ತೊಳೆಯುತ್ತಿದ್ದ ವನಜಾಳ ಕೈ ನಿಂತಿತು. ತಪ್ಪು ಯಾರದೆಂದು ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಆ ಎಲೆ ಒಣಗಿಸಬೇಕಿದ್ದ ವಾರ ಅವಳ ಅತ್ತೆ ಆಸ್ಪತ್ರೆಯಲ್ಲಿದ್ದರು. ಬಿಸಿಲಿಗೆ ಗುಣ ಕೆಡುತ್ತದೆಂದು ಗೊತ್ತಿದ್ದೂ, ಬೇಗ ಒಣಗಿದರೆ ಸಾಕೆಂದು ಎಲೆಯನ್ನು ತಾರಸಿಯ ಬಿರುಬಿಸಿಲಿಗೆ ಹರವಿ, ಮೂರು ದಿನ ತಿರುಗಿಯೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಿನ್ ಕೈ ಸರಿಯಾಗೇ ಅದೆ ಕಣವ್ವ. ಎಲೆನ ಬಿಸ್ಲಿಗಾಕಿದ್ದು ನಾನು."

ಶೋಭಿತಾ ತಲೆಯೆತ್ತಿದಳು. "ನಾಕು ದಿನದಿಂದ ನೋಡ್ತಾನೇ ಇದ್ದೀಯಲ್ಲಕ್ಕ! ಯಾಕ್ ಯೋಳ್ಲಿಲ್ಲ?"

"ಸಾಕಾಗೋಗಿತ್ತು ಕಣವ್ವ. ಬಾಯ್ಬುಟ್ಟು ಯೋಳಕ್ಕೂ ಸಾಕಾಗೋಗಿತ್ತು."

ಶೋಭಿತಾ ಆ ಪುಡಿಯ ಡಬ್ಬಿಯನ್ನು ಬದಿಗಿಟ್ಟು ಎದ್ದು ಹೋದಳು. ಮರುದಿನ ಬೆಳಗ್ಗೆ ಶೋಭಿತಾ ಚೀಲ ಹಿಡಿದು ಬಂದು, "ಒಳಲು ಕಡೆ ಓಯ್ತೀನಿ, ಬತ್ತೀಯಾ?" ಎಂದಳು. ಹೊಳಲು ಊರಿನ ಕಾಲುವೆ ಏರಿಯ ಮೇಲೆ ಬಿಸಿಲೇರುವವರೆಗೂ ಇಬ್ಬರೂ ಲಕ್ಕಿ ಕಿತ್ತರು. ಹನ್ನೆರಡು ದಿನ ವನಜಾ ಕೋಣೆಯ ನೆರಳಲ್ಲಿ ಪೇಪರು ಹಾಸಿ, ದಿನಕ್ಕೆರಡು ಸಲ ಎಲೆ ಮಗುಚಿದಳು. ಅಷ್ಟರಲ್ಲಿ ಅತ್ತೆ ಮನೆಗೆ ಬಂದಿದ್ದರು. ಅವರ ಆರೈಕೆಯೂ ಇವಳದೇ.

ಈ ಸಲ ನೇರಳೆ ಮಾಸಿ ತಿಳಿ ಹಳದಿಯಾಯಿತು. "ಅಕ್ಕಾ, ಬಾ ನೋಡು!" ಎಂದು ಶೋಭಿತಾ ಕೂಗಿದಳು. ವನಜಾ ಬಗ್ಗಿ ನೋಡಿದಳು. ಖುಷಿಪಡುವಷ್ಟು ತ್ರಾಣವಿರಲಿಲ್ಲ, ಎದೆ ಕೊಂಚ ಹಗುರಾಯಿತು, ಅಷ್ಟೇ.

"ಬಿಸ್ಲಲ್ಲಿ ಒಣಗಿದ್ರೆ ಏನಾಯ್ತದೆ ಅನ್ನೋದ್ನೂ ಬರೀತೀನಿ ಕಣಕ್ಕ. ಅದೂ ದಂಡ ಆಗಲ್ಲ."

"ಬರ್ಕೊಳವ್ವ" ಎಂದು ವನಜಾ ಬೆಂಚಿನ ಮೇಲೆ ಕೂತು, ಗೋಡೆಗೊರಗಿ ಕಣ್ಣು ಮುಚ್ಚಿದಳು.